ಅಣ್ಣನಿಗೆ ಹಾಕದ ಬೀಗ

ಹಾರ್ಲೋ ಬೆಂಡ್, ಮಿಸಿಸಿಪ್ಪಿ
ಮಾರ್ಚ್ 15, 2016

ಅಲ್ಬರ್ಥಾ ಅತ್ತಿಗೆಗೆ,

ಒಂದೇ ಊರಿನಲ್ಲಿದ್ದುಕೊಂಡು ಅಂಚೆಗೆ ಕಾಗದ ಹಾಕುವ ಗತಿ ಬಂತಲ್ಲ ಎಂದು ನನಗೇ ನಗು ಬರುತ್ತಿದೆ. ಅಂಚೆ ಚೀಟಿ ಕೊಳ್ಳಲು ಹೋದಾಗ ಮಿಸ್ ಡೊರೀನ್ "ಯಾರಿಗೆ ವಿನೀ ಕಾಗದ?" ಅಂದಳು. "ನಮ್ಮತ್ತಿಗೆಗೆ" ಅಂದೆ. "ಅಯ್ಯೋ, ರೈಲು ಹಳಿ ದಾಟಿದ್ರೆ ಅವರ ಮನೆ. ಇಲ್ಲಿಂದ ಕೂಗಿದ್ರೂ ಕೇಳಿಸುತ್ತಲ್ಲೇ!" ಅಂದಳು. ಕೇಳಿಸುತ್ತದೆ, ಆದರೆ ನೀವು ಓ ಅನ್ನುವುದಿಲ್ಲ ಎಂದು ಅವಳಿಗೆ ಹೇಗೆ ಹೇಳಲಿ? ಫೋನ್ ಎತ್ತುವುದಿಲ್ಲ. ಬಾಗಿಲು ಬಡಿದರೆ ಒಳಗೆ ಟಿವಿಯ ಸದ್ದು ನಿಲ್ಲುತ್ತದೆ, ಬಾಗಿಲು ಮಾತ್ರ ತೆರೆಯುವುದಿಲ್ಲ. ಭಾನುವಾರ ನಿಮ್ಮ ಜಗಲಿಯ ಮೇಲೆ ಇಟ್ಟುಬಂದ ಪೌಂಡ್ ಕೇಕು ಮರುದಿನ ನನ್ನ ಮನೆಯ ಬೇಲಿಗೂಟದ ಮೇಲೆ ಕೂತಿತ್ತು. ಸುತ್ತಿದ ಹಾಳೆಯನ್ನೂ ಬಿಚ್ಚಿರಲಿಲ್ಲ.

ಕ್ಲೀಟಸ್ ಅಣ್ಣನ ಮಣ್ಣಿಗೆ ನಾನು ಹೊತ್ತಿಗೆ ಬರಲಿಲ್ಲ. ಅದನ್ನು ಅಲ್ಲಗಳೆಯಲು ಈ ಕಾಗದ ಬರೆಯುತ್ತಿಲ್ಲ. ಅವನ ಹೆಣದ ಗಾಡಿ ದೊಡ್ಡ ಬೀದಿಯಲ್ಲಿ ಬಂದಾಗ ಕ್ಷೌರದಂಗಡಿಯವನು, ಬ್ಯಾಂಕಿನವರು, ಕೊನೆಗೆ ಆ ಪೆಟ್ರೋಲ್ ಬಂಕಿನವನೂ ಬೀಗ ಹಾಕಿ, ದೀಪ ಆರಿಸಿ, ಎದೆಯ ಮೇಲೆ ಕೈಯಿಟ್ಟು ಹೊರಗೆ ನಿಂತಿದ್ದರು. ನಮ್ಮೂರಿನಲ್ಲಿ ಯಾವ ಹೆಣಕ್ಕೂ ತಪ್ಪದ ಮರ್ಯಾದೆ ಅದು. ನಾನು ಕೆಲಸ ಮಾಡುವ ಹ್ಯಾಪಿ ಡೈಮ್ ಕಂಪನಿಯ ಅಂಗಡಿ ಒಂದೇ ತೆರೆದಿತ್ತು. ಅದರೊಳಗೆ ಗಲ್ಲಾದ ಹಿಂದೆ ನಾನಿದ್ದೆ. ಬೆಳಿಗ್ಗೆ ಬರಬೇಕಿದ್ದ ಹುಡುಗಿ ಬರಲಿಲ್ಲ. ಸಾಮಾನಿನ ಲಾರಿ ಬೇರೆ ಹಿಂಬಾಗಿಲಿಗೆ ಬಂದು ನಿಂತಿತ್ತು. ಬೀಗ ಹಾಕಿದರೆ ಕೆಲಸ ಉಳಿಯುವುದಿಲ್ಲ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಹುಡುಗಿ ಬಂದ ತಕ್ಷಣ ಓಡಿದೆ. ಅಷ್ಟರಲ್ಲಿ ಮಣ್ಣು ಮುಚ್ಚಿಯಾಗಿತ್ತು. ಕಂಪನಿಯ ಆ ಹಳದಿ ಅಂಗಿ ಬಿಚ್ಚಿ ಬರುವಷ್ಟೂ ಪುರುಸೊತ್ತಾಗಲಿಲ್ಲ.

ಬೈಯಿರಿ, ಬೈಸಿಕೊಳ್ಳುತ್ತೇನೆ. ಮಾತು ಮಾತ್ರ ಬಿಡಬೇಡಿ. ಅಣ್ಣ ಹೋದ ಮೇಲೆ ನನ್ನವರು ಅಂತ ಇರುವುದು ನೀವೊಬ್ಬರೇ.

ನಿಮ್ಮ ನಾದಿನಿ,
ವಿನೀ


ಹಾರ್ಲೋ ಬೆಂಡ್
ಏಪ್ರಿಲ್ 2, 2016

ಲುವೀನಿಯಾ,

ನಿನ್ನ ಕಾಗದ ಬಂತು. ನಾನು ಕ್ಷೇಮ ಎಂದು ಬರೆಯುವ ಸ್ಥಿತಿಯಲ್ಲಿಲ್ಲ, ನಿನ್ನ ಕ್ಷೇಮ ಕೇಳುವ ಮನಸ್ಸೂ ಇಲ್ಲ. ಉತ್ತರ ಬರೆಯದಿದ್ದರೆ ಮತ್ತೊಂದು ಕೇಕು ತಂದಿಡುತ್ತೀಯ ಎಂದು ಬರೆಯುತ್ತಿದ್ದೇನೆ.

ಒಳಗಿದ್ದ ನಿನಗೆ ಏನು ಕಂಡಿತೋ ಗೊತ್ತಿಲ್ಲ, ಹೊರಗಿದ್ದ ನನಗೆ ಕಂಡದ್ದು ಹೇಳುತ್ತೇನೆ. ನಾನು ಗಾಡಿಯ ಹಿಂದಿನ ಕಾರಿನಲ್ಲಿದ್ದೆ. ನಿನ್ನ ಅಂಗಡಿಯ ಮುಂದೆ ಬಂದಾಗ ಗಾಡಿಯವನು ನಿಧಾನ ಮಾಡಿದ. ಸ್ವಂತ ತಂಗಿ, ಹೊರಗೆ ಬಂದು ನಿಂತಿರುತ್ತಾಳೆ ಎಂದು ಪಾಪ ಅವನೂ ಎಣಿಸಿದ್ದ. ಕೊನೆಗೆ ಗಾಡಿ ನಿಂತೇಬಿಟ್ಟಿತು. ಬಾಗಿಲ ಮೇಲೆ 'ತೆರೆದಿದೆ' ಎನ್ನುವ ಕೆಂಪು ದೀಪ ಉರಿಯುತ್ತಿತ್ತು. ಯಾವಳೋ ಒಬ್ಬಳು ಬಟ್ಟೆಸೋಪಿನ ಡಬ್ಬ ಹಿಡಿದು ಹೊರಗೆ ಬಂದಳು, ಗಾಡಿ ನೋಡಿ ನಾಚಿಕೊಂಡು ತಿರುಗಿ ಒಳಗೆ ಹೋದಳು. ನನ್ನ ಪಕ್ಕ ಕೂತಿದ್ದ ರೆವರೆಂಡ್ ಸ್ಟೋಕ್ಸ್ ಕೆಮ್ಮಿ, "ಹೋಗ್ಲಿ, ಮುಂದಕ್ಕೆ ನಡೀರಪ್ಪ" ಅಂದರು. ಗಂಡನ ಉಸಿರು ನಿಂತಾಗಲೂ ನಾನು ಅಷ್ಟು ಕುಗ್ಗಿರಲಿಲ್ಲ.

ನಿನ್ನ ಅಣ್ಣ ಬದುಕಿದ್ದಾಗ ಯಾವ ಹೆಣಕ್ಕೆ ನಮ್ಮ ಅಂಗಡಿಗೆ ಬೀಗ ಹಾಕಲಿಲ್ಲ ಹೇಳು. ಬೀದಿಯಲ್ಲಿ ನಿಂತು ಅವನ ಮರ್ಯಾದೆ ಕಳೆದ ಆ ಕುಡುಕ ಎಝೆಲ್ ಸತ್ತಾಗಲೂ ಮಾಂಸ ಕತ್ತರಿಸುತ್ತಿದ್ದ ಕೈ ತೊಳೆದು, ಬೀಗ ಜಡಿದು, ಬಿಸಿಲಿನಲ್ಲಿ ಹೋಗಿ ನಿಂತ. ನಾನು ಮೂಗು ಮುರಿದೆ. "ಸತ್ತೋನ ಮೇಲೆ ಎಂಥಾ ಸಿಟ್ಟೇ" ಅಂದ.

ಡೈಮ್ ಬಂದ ಮೇಲೆಯೇ ಅವನಿಗೆ ಎದೆನೋವು ಶುರುವಾದದ್ದು. ಡಾಕ್ಟರು ಬೇರೆ ಕಾರಣ ಹೇಳುತ್ತಾರೆ, ಹೇಳಿಕೊಳ್ಳಲಿ. ಹಾಲು, ಬ್ರೆಡ್ಡು, ಸೋಪು ಎಲ್ಲಾ ನಿನ್ನಲ್ಲಿ ಅಗ್ಗ. ನಮ್ಮಲ್ಲಿ ಉಳಿದದ್ದು ಮಾಂಸ, ಸೊಪ್ಪು ಮತ್ತು ಹರಟೆ. ಜನ ನಿನ್ನ ಹಳದಿ ಚೀಲಗಳನ್ನು ತಂದು ನನ್ನ ಬೆಂಚಿನ ಕೆಳಗೆ ಇಟ್ಟುಕೊಂಡು, ಹೊಟ್ಟೆ ತುಂಬ ಮಾತಾಡಿ, ಒಂದು ಕಂತೆ ಸೊಪ್ಪು ಕೊಂಡು ಎದ್ದು ಹೋಗುತ್ತಾರೆ. ಮೊನ್ನೆ ನಮ್ಮ ಚರ್ಚಿನ ಹಿರಿಯಮ್ಮ ಮದರ್ ಪೆಟ್‌ವೇಯೂ ಹಾಗೆಯೇ ಮಾಡಿದರು. "ಅಲ್ಲಿ ಬಿಸ್ಕತ್ತು ಅಗ್ಗ ಕಣೇ ಅಲ್ಬರ್ಥಾ, ಆದ್ರೆ ಕೂರೋಕೆ ಜಾಗ ಇಲ್ಲ" ಅಂದರು. ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಉಂಡ ಮನೆಗೆ ಎರಡು ಬಗೆದವಳು ನೀನು. ಇನ್ನು ಬರೆಯಬೇಡ.

ಅಲ್ಬರ್ಥಾ ಗ್ರೇಡಿ


ಹಾರ್ಲೋ ಬೆಂಡ್
ಜೂನ್ 9, 2016

ಅತ್ತಿಗೆ,

ಬರೆಯಬೇಡ ಅಂದಿರಿ, ಎರಡು ತಿಂಗಳು ಸುಮ್ಮನಿದ್ದೆ. ಆದರೆ ಉಂಡ ಮನೆಗೆ ಎರಡು ಬಗೆದವಳು ಎಂಬ ಮಾತು ಗಂಟಲಲ್ಲಿ ಮೀನಿನ ಮುಳ್ಳಿನ ಹಾಗೆ ಕೂತುಬಿಟ್ಟಿದೆ.

ಆ ಮನೆಯಲ್ಲಿ ಉಂಡೆ, ನಿಜ. ಪುಕ್ಕಟೆ ಉಣ್ಣಲಿಲ್ಲ. ಮದುವೆ ಮುರಿದುಕೊಂಡು ಬಂದಂದಿನಿಂದ ಅಣ್ಣನ ಅಂಗಡಿಯಲ್ಲಿ ನೆಲ ಗುಡಿಸಿದೆ, ಮೂಟೆ ಹೊತ್ತೆ, ಗಿರಾಕಿಗಳ ಬಾಯಿಗೆ ಬಿದ್ದೆ. ಅಷ್ಟು ವರ್ಷದಲ್ಲಿ ಅಂಗಡಿಯ ಕೀಲಿ ಒಂದು ದಿನ ನನ್ನ ಕೈಗೆ ಬರಲಿಲ್ಲ. ಅಣ್ಣ ಜ್ವರ ಬಂದು ಮಲಗಿದಾಗಲೂ ನೀವೇ ಬಂದು ಬಾಗಿಲು ತೆಗೆದಿರಿ, ನಾನು ಮೆಟ್ಟಿಲ ಮೇಲೆ ಕೂತು ಕಾಯುತ್ತಿದ್ದೆ. ಮಾಂಸದ ಕತ್ತಿ ಮುಟ್ಟಿದರೆ "ಬೆರಳು ಕತ್ತರಿಸ್ಕೋತೀಯ, ಬಿಡೇ" ಅನ್ನುತ್ತಿದ್ದ. ಐವತ್ತು ತುಂಬಿದವಳಿಗೆ ಹೇಳುವ ಮಾತೇ ಅದು? ಡೈಮ್‌ನವರು ಬಂದು ಮೊದಲ ವಾರವೇ ಕೀಲಿಗೊಂಚಲು ನನ್ನ ಕೈಗಿಟ್ಟು ಮ್ಯಾನೇಜರ್ ಅಂದರು. ಎದೆಗೆ ಹೆಸರಿನ ಬಿಲ್ಲೆ ಚುಚ್ಚಿಕೊಂಡು ಕನ್ನಡಿಯ ಮುಂದೆ ನಿಂತೆ. ನಾಚಿಕೆ ಬಿಟ್ಟು ಹೇಳುತ್ತೇನೆ, ತುಂಬ ಚೆನ್ನಾಗಿ ಕಂಡೆ.

ಆ ಗೊಂಚಲು ಎಂಥ ಬೇಡಿ ಎಂದು ಆಮೇಲೆ ಗೊತ್ತಾಯಿತು. ಒಂದು ಹೊತ್ತಿಗೆ ಇಡೀ ಅಂಗಡಿಗೆ ಒಬ್ಬಳೇ. ಗಲ್ಲಾ ನೋಡಬೇಕು, ಲಾರಿ ಇಳಿಸಬೇಕು, ನೆಲ ಒರೆಸಬೇಕು, ಕದಿಯುವವರ ಮೇಲೆ ಕಣ್ಣಿಡಬೇಕು. ಸಾಮಾನು ತುಂಬಿದ ಚಕ್ರದ ಪಂಜರಗಳು ಓಣಿ ಓಣಿಯಲ್ಲೂ ನಿಂತಿವೆ, ಬಿಚ್ಚಿ ಜೋಡಿಸಲು ಆಳಿಲ್ಲ. ಗಾಲಿಕುರ್ಚಿಯವರು ಬಾಗಿಲಲ್ಲೇ ನಿಂತು ಬೇಕಾದ್ದನ್ನು ಕೂಗಿ ಹೇಳುತ್ತಾರೆ, ನಾನು ಪಂಜರಗಳ ಸಂದಿಯಲ್ಲಿ ನುಸುಳಿ ತಂದುಕೊಡುತ್ತೇನೆ.

ಅಣ್ಣನ ಮಣ್ಣಿನ ಹಿಂದಿನ ದಿನ ಮೇಲ್ವಿಚಾರಕ ಬ್ರೆಂಟ್‌ಗೆ ಫೋನ್ ಮಾಡಿದ್ದೆ. ನನಗೆ ಮಗನಾಗುವ ವಯಸ್ಸು ಅವನಿಗೆ. "ನಾಳೆ ಸ್ವಲ್ಪ ಹೊತ್ತು ಬೀಗ ಹಾಕ್ತೀನಿ ಸಾರ್, ನಮ್ಮಣ್ಣನ ಮಣ್ಣು" ಅಂದೆ.

"ಕೇಳಿ ತುಂಬಾ ಬೇಜಾರಾಯ್ತು ವಿನೀ. ಖಂಡಿತಾ ರಜಾ ತಗೊಳ್ಳಿ. ಅಂಗಡಿ ಮಾತ್ರ ಮುಚ್ಚೋ ಹಾಗಿಲ್ಲ. ಮುಚ್ಚಿದ್ರೆ ನಾನೂ ನಿಮ್ಮನ್ನ ಉಳಿಸೋಕಾಗಲ್ಲ."

"ನಾನ್ ರಜಾ ತಗೊಂಡ್ರೆ ಅಂಗಡಿ ನೋಡೋರ್ಯಾರು?"

"ಅದನ್ನ ನೋಡ್ಕೊಳ್ಳೋದೇ ಅಲ್ವಾ ಮ್ಯಾನೇಜರ್ ಕೆಲಸ?"

ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಅಷ್ಟು ಮೆತ್ತಗೆ ಮಾತಾಡುವವನಿಗೆ ಏನು ಹೇಳುವುದು? ಹೆಣದ ಗಾಡಿ ನಿಂತದ್ದು ನನಗೂ ಕಂಡಿತು ಅತ್ತಿಗೆ. ಕೀಲಿ ನನ್ನ ಕೈಯಲ್ಲೇ ಇತ್ತು. ಕಾಲು ಮಾತ್ರ ಏಳಲಿಲ್ಲ.

ವಿನೀ


ಹಾರ್ಲೋ ಬೆಂಡ್
ಸೆಪ್ಟೆಂಬರ್ 20, 2016

ಲುವೀನಿಯಾ,

ಶನಿವಾರ ನಾನು ಅಂಗಡಿ ಮುಚ್ಚಿಬಿಟ್ಟೆ. ನಿನಗೆ ಆಗಲೇ ಸುದ್ದಿ ಬಂದಿರುತ್ತದೆ, ಆದರೂ ಮನೆಯವರ ಬಾಯಿಂದ ತಿಳಿಯಲಿ ಎಂದು ಬರೆಯುತ್ತಿದ್ದೇನೆ. ಸಗಟು ಕಂಪನಿಯವರು ಕೈಯೆತ್ತಿಬಿಟ್ಟರು. "ನಿಮ್ಮೊಂದು ಅಂಗಡಿಗೆ ನಮ್ಮ ಲಾರಿ ಅಷ್ಟು ದೂರ ಬಂದ್ರೆ ಡೀಸೆಲ್‌ಗೂ ಗಿಟ್ಟಲ್ಲಮ್ಮ" ಅಂದರು. ಮಾಂಸದ ತಂಪುಪೆಟ್ಟಿಗೆಗಳನ್ನು ಗ್ರೀನ್‌ವುಡ್ಡಿನ ಒಬ್ಬ ಹೋಟೆಲಿನವನು ಬಂದು ಹೊತ್ತುಕೊಂಡು ಹೋದ. ಕ್ಲೀಟಸ್‌ನ ಕತ್ತಿಗಳನ್ನೂ ಕೇಳಿದ, ಕೊಡಲಿಲ್ಲ.

ಕೊನೆಯ ದಿನ ಊರಿಗೆ ಊರೇ ಬಂದಿತ್ತು. ಬಂದು ಬಂದು ಅಪ್ಪಿಕೊಂಡರು. "ನಿಮ್ಮಂಗಡಿ ಇಲ್ದೆ ಹೆಂಗ್ ಬದುಕೋದು ಮಿಸ್ ಅಲ್ಬರ್ಥಾ" ಎಂದು ನಮ್ಮ ಚರ್ಚಿನ ಡೀಕನ್ ಹೋಸಿಯಾ ಕಣ್ಣೊರೆಸಿಕೊಂಡ. ಅವನ ಕೈಯಲ್ಲಿ ನಿನ್ನ ಹಳದಿ ಚೀಲ ತೂಗಾಡುತ್ತಿತ್ತು. "ಆ ಚೀಲ ಕೆಳಗಿಟ್ಟು ಅಳೋ ಹೋಸಿಯಾ, ಕೈ ನೋವು ಬಂದೀತು" ಅಂದೆ. ಎಲ್ಲರೂ ನಕ್ಕರು, ಅವನೂ ನಕ್ಕ. ನಾನು ತಮಾಷೆಗೆ ಹೇಳಿರಲಿಲ್ಲ.

ಕೀಲಿಯ ವಿಷಯ ನೀನು ಬರೆದಿದ್ದೆ. ಕೊಡಲಿಲ್ಲ, ನಿಜ. ಆ ಅಂಗಡಿ ನಿಮ್ಮಪ್ಪ ಬಿಟ್ಟುಹೋದದ್ದಲ್ಲ. ನಾನೂ ನಿನ್ನ ಅಣ್ಣನೂ ಹತ್ತಿ ಹೊಲದಲ್ಲಿ ಬೆನ್ನು ಬಗ್ಗಿಸಿ ಕಟ್ಟಿದ್ದು. ಅದರ ಕೀಲಿಯನ್ನು ಯಾರ ಕೈಗೂ ಕೊಡಬೇಕೆಂದು ನನಗೆ ಅನ್ನಿಸಲಿಲ್ಲ. ಈಗ ಬೇಕಾದರೆ ಬಂದು ತೆಗೆದುಕೊಂಡು ಹೋಗು. ಬಾಗಿಲ ಹಿಂದೆ ಮೊಳೆಗೆ ನೇತಾಡುತ್ತಿದೆ.

ಇನ್ನು ಹಾರ್ಲೋ ಬೆಂಡ್ ಪೂರ್ತಿ ನಿನ್ನದು. ಸುಖವಾಗಿರು.

ಅಲ್ಬರ್ಥಾ


ಹಾರ್ಲೋ ಬೆಂಡ್
ನವೆಂಬರ್ 18, 2016

ಅತ್ತಿಗೆ,

ಊರೆಲ್ಲಾ ನನ್ನದು ಅಂದಿರಿ. ನನ್ನದಾದ ಊರು ಈಗ ನನ್ನ ತಲೆ ತಿನ್ನುತ್ತಿದೆ. "ವಿನೀ, ಹಬ್ಬ ಬಂತು, ಕೊಲ್ಲಾರ್ಡ್ ಸೊಪ್ಪು ತರ್ಸೇ." "ವಿನೀ, ಸೊಪ್ಪಿಗೆ ಹಾಕೋಕೆ ಹಂದಿ ಮೂಳೆ ಇಲ್ವೇನೇ?" ತರಿಸು ತರಿಸು ಎಂದರೆ ನಾನೇನು ಹೊಲದಿಂದ ಕಿತ್ತು ತರಲೇ? ಬ್ರೆಂಟ್‌ಗೆ ಕೇಳಿದೆ. "ಹಸಿ ತರಕಾರಿ ನಿಮ್ಮ ಅಂಗಡಿಯ ಪಟ್ಟಿಯಲ್ಲಿಲ್ಲ ವಿನೀ, ಡಬ್ಬಿ ಸೊಪ್ಪು ಜಾಸ್ತಿ ಕಳಿಸ್ತೀನಿ" ಅಂದ. ಕಳಿಸಿದ. ಮದರ್ ಪೆಟ್‌ವೇ ಅದನ್ನೇ ತಿನ್ನುತ್ತಿದ್ದಾರೆ, ಅದರ ಉಪ್ಪಿಗೆ ಕಾಲು ಬಾತುಕೊಂಡಿದೆ. ಅವರಿಗೆಂದು ಬಾಗಿಲ ಬಳಿ ಹಾಲಿನ ಕ್ರೇಟು ಮಗುಚಿ ಇಟ್ಟಿದ್ದೇನೆ. ಅದರ ಮೇಲೆ ಕೂತು ಬಂದವರನ್ನೆಲ್ಲಾ ಮಾತಾಡಿಸುತ್ತಾರೆ. ಬ್ರೆಂಟ್ ಬರುವ ದಿನ ಅವರನ್ನು ಎಬ್ಬಿಸಿ ಕ್ರೇಟು ಬಚ್ಚಿಡಬೇಕು. "ಯಾವನೇ ಅವನು, ಮುದುಕಿ ಕೂತ್ರೆ ಅವನ ಗಂಟೇನು ಹೋಯ್ತದೆ?" ಎಂದು ಬೈದುಕೊಂಡು ಏಳುತ್ತಾರೆ.

ನಿಮ್ಮ ಕಾರು ಗುರುವಾರ ಗುರುವಾರ ನನ್ನ ಬಾಗಿಲ ಮುಂದೆ ಹಾದು ಗ್ರೀನ್‌ವುಡ್ಡಿಗೆ ಹೋಗುವುದು ಕಾಣುತ್ತದೆ. ಒಂದು ಪೊಟ್ಟಣ ಉಪ್ಪಿಗೂ ಅಷ್ಟು ದೂರ ಹೋಗುತ್ತೀರಿ, ನನ್ನಲ್ಲಿಗೆ ಬರುವುದಿಲ್ಲ. ಹಟಕ್ಕೆ ನಿಮ್ಮನ್ನು ಬಿಟ್ಟರಿಲ್ಲ. ಹಬ್ಬದ ದಿನ ಮಧ್ಯಾಹ್ನ ಮಾತ್ರ ನನಗೆ ಬಿಡುವು. ಎರಡು ತಟ್ಟೆ ಹಾಕಿರುತ್ತೇನೆ. ಬಂದರೆ ಬನ್ನಿ.

ವಿನೀ


ಹಾರ್ಲೋ ಬೆಂಡ್
ಜನವರಿ 19, 2017

ಅತ್ತಿಗೆ,

ಹಬ್ಬಕ್ಕೆ ನೀವು ಬರಲಿಲ್ಲ. ಆದರೆ ಅಂದು ಬೆಳಿಗ್ಗೆ ನನ್ನ ಬೇಲಿಗೂಟದ ಮೇಲೆ ಹಸೀ ಸೊಪ್ಪಿನ ದೊಡ್ಡ ಕಂತೆ ಇತ್ತು. ಯಾರಿಟ್ಟರೆಂದು ನಾನು ಕೇಳಲಿಲ್ಲ, ಅದಕ್ಕೇ ಇಷ್ಟು ದಿನ ಬರೆಯಲೂ ಇಲ್ಲ. ಮಾತಾಡಿದರೆ ಎಲ್ಲಿ ಕೆಟ್ಟೀತೋ ಎಂದು ಹೆದರಿಕೆಯಾಯಿತು.

ಶನಿವಾರ ಮದರ್ ಪೆಟ್‌ವೇ ಅವರ ಮಣ್ಣಿಗೆ ನೀವು ಹೋಗುವಾಗ ನನ್ನನ್ನು ನೋಡಿದಿರಿ, ನನಗೆ ಗೊತ್ತು. ಆ ದಿನ ಬೆಳಿಗ್ಗೆ ಎದ್ದಾಗಲೇ ಮನಸ್ಸು ಗಟ್ಟಿ ಮಾಡಿದ್ದೆ, ಬ್ರೆಂಟ್‌ನನ್ನು ಕೇಳಲು ಹೋಗಲಿಲ್ಲ. ಕೇಳಿದರೆ ಅವನು ಮೆತ್ತಗೆ ಮಾತಾಡುತ್ತಾನೆ. ಗಿರಾಕಿಗಳನ್ನು ಹೊರಗೆ ಕಳಿಸಿದೆ, ದೀಪ ಆರಿಸಿದೆ, ಹಳದಿ ಅಂಗಿ ಬಿಚ್ಚಿ ಕಪ್ಪು ಉಡುಪು ಹಾಕಿಕೊಂಡು ಬೀಗ ಜಡಿದೆ. ಮೆರವಣಿಗೆ ದಾಟಿದ ಮೇಲೂ ತೆರೆಯಲಿಲ್ಲ, ಸ್ಮಶಾನಕ್ಕೆ ಬಂದು ಒಂದು ಹಿಡಿ ಮಣ್ಣು ಹಾಕಿ ಹೋದೆ. ಆ ಮಣ್ಣು ಹಾಕುವಾಗ ಅಣ್ಣನ ಹೆಸರೇ ಬಾಯಿಗೆ ಬಂತು. ಹತ್ತು ತಿಂಗಳಿಂದ ಎದೆಯ ಮೇಲೆ ಕೂತಿದ್ದ ಕಲ್ಲು ಇಳಿದ ಹಾಗಾಯಿತು.

ಮಂಗಳವಾರ ಬ್ರೆಂಟ್ ಬಂದು ಕೀಲಿ ಇಸಿದುಕೊಂಡ. ಯಾರೋ ಕಂಪನಿಗೆ ಫೋನ್ ಮಾಡಿ, ಹಗಲು ಹೊತ್ತಿನಲ್ಲೇ ಬೀಗ ಹಾಕಿತ್ತು ಎಂದು ದೂರು ಹೇಳಿದರಂತೆ. "ದೂರು ಬರದೇ ಇದ್ದಿದ್ರೆ ಏನೋ ಹೇಳಿ ಮುಚ್ಚಿಹಾಕ್ತಿದ್ದೆ ವಿನೀ, ಇದು ದೊಡ್ಡಾಫೀಸಿಗೆ ಹೋಗ್ಬಿಟ್ಟಿದೆ" ಅಂದ. ನಮ್ಮೂರಿನವರು ಇರಲಿಕ್ಕಿಲ್ಲ. ಹೆದ್ದಾರಿಯಲ್ಲಿ ಹೋಗುವ ಯಾರೋ ಬಾಗಿಲು ತಳ್ಳಿ ನೋಡಿ ಸಿಟ್ಟಾಗಿರಬೇಕು. ಯಾರಾದರೂ ಆಗಲಿ, ನನಗೆ ಬೇಸರವಿಲ್ಲ.

ಇನ್ನಾದರೂ ಬಾಗಿಲು ತೆರೆಯುತ್ತೀರಾ?

ನಿಮ್ಮ ನಾದಿನಿ,
ವಿನೀ


ಹಾರ್ಲೋ ಬೆಂಡ್
ಜನವರಿ 23, 2017

ವಿನೀ,

ಫೋನ್ ಮಾಡಿದ್ದು ನಾನು. ಹೆದ್ದಾರಿಯವರ ಮೇಲೆ ಹಾಕಬೇಡ.

ನಿನ್ನನ್ನು ನೋಡಿದೆ, ಸರಿಯಾಗಿಯೇ ನೋಡಿದೆ. ಕಪ್ಪು ಉಡುಪು, ಎದೆಯ ಮೇಲೆ ಕೈ, ಹಿಂದೆ ಕತ್ತಲಾದ ಅಂಗಡಿ. ಕಾರಿನಲ್ಲಿದ್ದವರೆಲ್ಲಾ "ನೋಡಿ, ವಿನೀ ಎಷ್ಟು ಚೆಂದಾಗಿ ಮರ್ಯಾದೆ ಕೊಟ್ಟವ್ಳೆ" ಅಂದರು. ನನ್ನ ಹೊಟ್ಟೆಗೆ ಬೆಂಕಿ ಬಿತ್ತು. ಹತ್ತು ತಿಂಗಳಿಂದ ನಾನು, ಪಾಪ ಅವಳ ಕೈಯಲ್ಲಿ ಆಗುತ್ತಿರಲಿಲ್ಲ, ಪರರ ಅಂಗಡಿ, ಪರರ ಬೀಗ ಎಂದು ನನಗೆ ನಾನೇ ಹೇಳಿಕೊಂಡು ಸಿಟ್ಟು ಇಳಿಸಿಕೊಳ್ಳುತ್ತಿದ್ದೆ. ಆ ಸೊಪ್ಪು ಇಟ್ಟುಬಂದದ್ದೂ ಅದಕ್ಕೇ. ಶನಿವಾರ ನೀನೇ ನಿಂತು ತೋರಿಸಿಕೊಟ್ಟೆ, ಆಗುತ್ತಿತ್ತು ಎಂದು. ಮನಸ್ಸು ಮಾಡಿದರೆ ಆಗುತ್ತಿತ್ತು. ಮದರ್ ಪೆಟ್‌ವೇಗೆ ಮನಸ್ಸು ಮಾಡಿದೆ, ಒಡಹುಟ್ಟಿದವನಿಗೆ ಮಾಡಲಿಲ್ಲ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿ, ನನ್ನಿಂದ ಭೇಷ್ ಅನ್ನಿಸಿಕೊಳ್ಳಲು ನಿಂತಿದ್ದೆ.

ಮಣ್ಣಾದ ಮೇಲಿನ ಊಟಕ್ಕೆ ಕಾಗದದ ತಟ್ಟೆಗಳನ್ನು ಡೈಮ್‌ನಿಂದಲೇ ತಂದಿದ್ದರು. ಚರ್ಚಿನ ಅಡುಗೆಮನೆಯಲ್ಲಿ ಚೀಲದೊಳಗೆ ರಸೀದಿ ಸಿಕ್ಕಿತು, ಅದರ ಬುಡದಲ್ಲಿ ದೂರಿನ ನಂಬರು ಇತ್ತು. ಅಲ್ಲೇ ನಿಂತು ಮಾಡಿದೆ. ಯಾವಳೋ ಹುಡುಗಿ ಎತ್ತಿದಳು. ಬೀಗ ಹಾಕಿತ್ತು ಅಂದೆ. ಯಾಕೆ ಹಾಕಿತ್ತು ಎಂದು ಅವಳು ಕೇಳಲಿಲ್ಲ, ನಾನು ಹೇಳಲಿಲ್ಲ. "ತೊಂದ್ರೆ ಆಗಿದ್ದಕ್ಕೆ ಕ್ಷಮಿಸಿ ಮೇಡಂ, ಮುಂದಿನ ಸಲಕ್ಕೆ ನಿಮಗೊಂದು ರಿಯಾಯಿತಿ ಕೂಪನ್ ಕಳಿಸ್ತೀವಿ" ಅಂದಳು.

ಕೆಲಸ ಹೋಗುತ್ತದೆ ಎಂದು ಗೊತ್ತಿತ್ತೇ ಎಂದು ನೀನು ಕೇಳುತ್ತೀಯ. ಗೊತ್ತಿತ್ತು.

ಅಲ್ಬರ್ಥಾ


ಹಾರ್ಲೋ ಬೆಂಡ್
ಮಾರ್ಚ್ 27, 2017

ವಿನೀ,

ನೀನು ಊರು ಬಿಟ್ಟದ್ದು ನಿನ್ನ ಮನೆಯ ಕಿಟಕಿಗೆ ಹಲಗೆ ಹೊಡೆದದ್ದು ನೋಡಿದ ಮೇಲೆಯೇ ನನಗೆ ತಿಳಿದದ್ದು. ಜಾಕ್ಸನ್ ಕಡೆಯ ಕೋಳಿ ಕಾರ್ಖಾನೆಯಲ್ಲಿದ್ದೀಯಂತೆ. ವಿಳಾಸ ಮಿಸ್ ಡೊರೀನ್ ಕೊಟ್ಟಳು, ಕೊಡುವಾಗ ಮುಖ ಗಂಟು ಹಾಕಿಕೊಂಡಿದ್ದಳು. ನಿನ್ನ ಹೆಸರೆತ್ತಿದರೆ ಈಗ ಎಲ್ಲರದೂ ಅದೇ ಮುಖ.

ಡೈಮ್ ಮುಚ್ಚಿತು. ನೀನು ಹೋದ ಮೇಲೆ ಇಬ್ಬರು ಹುಡುಗಿಯರು ಹೇಗೋ ತಳ್ಳಿದರು. ಒಬ್ಬಳು ಬಿಟ್ಟಳು, ಇನ್ನೊಬ್ಬಳೂ ಬಿಟ್ಟಳು. ಆ ಸಂಬಳಕ್ಕೆ, ಆ ದುಡಿತಕ್ಕೆ ಮ್ಯಾನೇಜರ್ ಆಗುತ್ತೇನೆಂದು ಯಾರೂ ಬರಲಿಲ್ಲ. ಕೆಲವು ದಿನ ಬಾಗಿಲು ತೆರೆಯಲೇ ಇಲ್ಲ. ಆಮೇಲೆ ಒಂದು ಲಾರಿ ಬಂದು ಪಂಜರಗಳನ್ನೆಲ್ಲಾ ಹೇರಿಕೊಂಡು ಹೋಯಿತು. ಈ ಅಂಗಡಿ ಶಾಶ್ವತವಾಗಿ ಮುಚ್ಚಿದೆ, ನಿಮ್ಮ ಹತ್ತಿರದ ಶಾಖೆಗೆ ಬನ್ನಿ ಎಂದು ಬಾಗಿಲಿಗೆ ಅಂಟಿಸಿದ್ದಾರೆ. ಹತ್ತಿರದ ಶಾಖೆ ಗ್ರೀನ್‌ವುಡ್ಡಿನಲ್ಲಿದೆ. ಕಾರು ಇದ್ದವರು ಹೋಗುತ್ತಾರೆ. ಇಲ್ಲದವರು ಪೆಟ್ರೋಲ್ ಬಂಕಿನಲ್ಲಿ ಚಿಪ್ಸು ಕೊಂಡು ಮಕ್ಕಳಿಗೆ ಕೊಡುತ್ತಾರೆ.

ಎಲ್ಲಾ ನಿನ್ನಿಂದಾಯಿತಂತೆ. ಯಾವ ಬಾಯಲ್ಲಿ ನಿನ್ನನ್ನು ಹೊಗಳಿದರೋ ಅದೇ ಬಾಯಲ್ಲಿ ಈಗ ಬೈಯುತ್ತಾರೆ. "ಸತ್ತ ಮುದುಕಿಗೆ ಮರ್ಯಾದೆ ಮಾಡೋಕೋಗಿ ಬದುಕಿರೋರ ಬಾಯಿಗೆ ಮಣ್ಣು ಹಾಕಿದ್ಲು" ಎಂದು ಹೋಸಿಯಾ ಚರ್ಚಿನ ಮೆಟ್ಟಿಲ ಮೇಲೆ ನಿಂತು ಹೇಳುತ್ತಾನೆ. ನೀನು ಹೊರಡುವ ಮೊದಲು ನನ್ನ ಹೆಸರು ಹೇಳಬಹುದಿತ್ತು. ಯಾಕೆ ಹೇಳಲಿಲ್ಲ? ನನಗೆ ನಿದ್ದೆ ಬರುತ್ತಿಲ್ಲ ವಿನೀ. ಬೈದಾದರೂ ಒಂದು ಸಾಲು ಬರೆ.

ಅಲ್ಬರ್ಥಾ


ಕೋಳಿ ಕಾರ್ಖಾನೆಯ ವಸತಿ
ಏಪ್ರಿಲ್ 16, 2017

ಅತ್ತಿಗೆ,

ಬೆರಳುಗಳು ಬಗ್ಗುವುದಿಲ್ಲ, ಅದಕ್ಕೆ ಅಕ್ಷರ ಹೀಗಿದೆ. ಇಡೀ ದಿನ ತಣ್ಣನೆಯ ಕೋಣೆಯಲ್ಲಿ ನಿಂತು ಕೋಳಿಯ ರೆಕ್ಕೆ ಕತ್ತರಿಸುತ್ತೇನೆ.

ನಿಮ್ಮ ಹೆಸರು ಯಾಕೆ ಹೇಳಲಿಲ್ಲ ಅಂದರೆ, ಆ ಊರಿನಲ್ಲಿ ಅಂಗಡಿ ನಡೆಸಲು ಬರುವುದು ಈಗ ನಿಮಗೊಬ್ಬರಿಗೇ. ಡೈಮ್ ಹೋಗುತ್ತದೆ ಎಂದು ಬ್ರೆಂಟ್‌ಗೆ ಕೀಲಿ ತಿರುಗಿ ಕೊಟ್ಟ ದಿನವೇ ನನಗೆ ಗೊತ್ತಾಗಿತ್ತು. ಅದು ಹೋದರೆ ಜನ ಅಣ್ಣನ ಅಂಗಡಿಯ ಬಾಗಿಲಿಗೇ ಬರಬೇಕು. ಊರಿಗೆ ನಿಮ್ಮ ಮೇಲೆ ಸಿಟ್ಟಿದ್ದರೆ ಯಾರು ಬರುತ್ತಾರೆ? ನನ್ನ ಮೇಲಿರಲಿ ಎಂದು ಬಾಯಿ ಮುಚ್ಚಿಕೊಂಡು ಬಸ್ಸು ಹತ್ತಿದೆ. ಅಂಗಡಿ ತೆರೆಯಿರಿ.

ಕ್ಷಮಿಸಿಬಿಟ್ಟಿದ್ದಾಳೆ ಎಂದು ಮಾತ್ರ ತಿಳಿಯಬೇಡಿ. ರಸೀದಿ ಕೈಯಲ್ಲಿ ಹಿಡಿದು ನಿಂತ ನಿಮ್ಮ ಮುಖ ನೆನೆಸಿಕೊಂಡರೆ ಕತ್ತಿ ಕೈಯಲ್ಲಿ ಜೋರಾಗಿ ಓಡುತ್ತದೆ.

ಲುವೀನಿಯಾ


ಹಾರ್ಲೋ ಬೆಂಡ್
ಮೇ 8, 2017

ವಿನೀ,

ತೆರೆಯಲು ಆಗುವುದಿಲ್ಲ. ನಿನ್ನ ಕಾಗದ ಬಂದ ದಿನವೇ ಸಗಟಿನವರಿಗೆ ಫೋನ್ ಮಾಡಿದೆ. ನಮ್ಮ ರಸ್ತೆಗೆ ಲಾರಿ ಬಿಡುವುದನ್ನೇ ನಿಲ್ಲಿಸಿದ್ದಾರೆ. ತಂಪುಪೆಟ್ಟಿಗೆ ಕೊಂಡ ಹೋಟೆಲಿನವನ ಬಳಿಗೂ ಹೋಗಿ ಕೇಳಿದೆ. "ಅದ್ರಲ್ಲಿ ಈಗ ಬಿಯರ್ ಇಟ್ಟಿದೀನಲ್ಲಮ್ಮ" ಅಂದ. ಬ್ಯಾಂಕಿನವರಂತೂ ನನ್ನ ವಯಸ್ಸು ಕೇಳಿ ಕಾಫಿ ಕೊಟ್ಟು ಕಳಿಸಿದರು. ಹೀಗೆ ನೀನು ಹೊತ್ತುಕೊಂಡು ಹೋದದ್ದೆಲ್ಲಾ ದಂಡವಾಯಿತು. ಅಂಗಡಿಯೇ ಇಲ್ಲದ ಮೇಲೆ ನನ್ನ ಹೆಸರು ಒಳ್ಳೆಯದಿದ್ದು ಯಾರಿಗೆ ಏನಾಗಬೇಕು?

ನಿನ್ನ ಹೆಸರನ್ನಾದರೂ ನಿನಗೆ ತಿರುಗಿ ಕೊಡೋಣ ಎಂದು ನಿನ್ನೆ ಭಾನುವಾರ ಚರ್ಚಿನಲ್ಲಿ ಮನಸ್ಸಿನಲ್ಲಿದ್ದದ್ದನ್ನು ಎಲ್ಲರೆದುರು ಸಾಕ್ಷಿ ಹೇಳುವ ಹೊತ್ತಿಗೆ ಎದ್ದು ನಿಂತೆ. ಹಿಂದೆಂದೂ ನಿಂತವಳಲ್ಲ, ಎಲ್ಲರೂ ತಿರುಗಿ ನೋಡಿದರು. "ಡೈಮ್‌ಗೆ ಫೋನ್ ಮಾಡಿ ದೂರು ಕೊಟ್ಟೋಳು ನಾನು" ಅಂದೆ. "ವಿನೀ ಮದರ್ ಪೆಟ್‌ವೇಗೆ ಮರ್ಯಾದೆ ಕೊಟ್ಲು. ನಾನು ಹೊಟ್ಟೆಕಿಚ್ಚಿಗೆ ಅವಳ ಅನ್ನ ಕಿತ್ಕೊಂಡೆ, ನಿಮ್ಮ ಅಂಗಡೀನೂ ಕಿತ್ಕೊಂಡೆ. ಬೈಯೋದಿದ್ರೆ ನನ್ನ ಬೈಯಿರಿ."

ಬೈಗುಳಕ್ಕೆ ಕಾಯುತ್ತಾ ನಿಂತೆ. ಆಗ ಹೋಸಿಯಾ ಎದ್ದ. ಅವನ ಕಣ್ಣಲ್ಲಿ ನೀರು.

"ನೋಡಿದ್ರಾ?" ಅಂದ. "ದೊಡ್ಡ ಮನಸ್ಸು ಅಂದ್ರೆ ಇದಪ್ಪಾ! ಆ ಹೆಂಗ್ಸು ಇವರ ಗಂಡನ ಮಣ್ಣಿಗೂ ಹೊತ್ತಿಗೆ ಬರ್ಲಿಲ್ಲ. ಅಂಥೋಳ ತಪ್ಪನ್ನ ಈ ಮಹಾತಾಯಿ ತನ್ನ ತಲೆ ಮೇಲೆ ಹಾಕ್ಕೊಂಡು ನಿಂತವ್ರೆ!"

"ಆಮೆನ್!" ಎಂದು ಹಿಂದಿನ ಸಾಲಿನಿಂದ ಯಾರೋ ಕೂಗಿದರು.

"ಇಲ್ಲ ಕಣೋ, ನಿಜವಾಗ್ಲೂ ನಾನೇ!" ಅಂದೆ. "ಆಮೆನ್!" ಎಂದು ಇಡೀ ಚರ್ಚು ಕೂಗಿತು. ನಾನು ಗಂಟಲು ಹರಿಯುವ ಹಾಗೆ ನಾನೇ ನಾನೇ ಅಂದಷ್ಟೂ ಅವರ ಆಮೆನ್ ಜೋರಾಯಿತು. ಪಿಯಾನೋದವಳು ನುಡಿಸಲು ಶುರುಮಾಡಿದಳು. ರೆವರೆಂಡ್ ಸ್ಟೋಕ್ಸ್ ಇಳಿದು ಬಂದು ನನ್ನನ್ನು ತಬ್ಬಿಕೊಂಡು, "ಸಾಕಮ್ಮಾ, ದೇವರಿಗೆ ಎಲ್ಲಾ ಗೊತ್ತು" ಅಂದರು. ಹೆಂಗಸರು ಸಾಲುಗಟ್ಟಿ ಬಂದು ಕೈ ಹಿಡಿದರು. ಮಗು ಎತ್ತಿಕೊಂಡ ಒಬ್ಬ ಹುಡುಗಿ ಕಿವಿಯಲ್ಲಿ, "ನಿಮ್ಮಂಥೋರಿಗೆ ಅಂಥಾ ನಾದಿನಿ ಗಂಟುಬಿದ್ಲಲ್ಲ ಮಿಸ್ ಅಲ್ಬರ್ಥಾ" ಅಂದಳು.

ಕೆಡಿಸಿದ್ದನ್ನು ಸರಿಮಾಡಲು ಹೋಗಿ ಇನ್ನಷ್ಟು ಕೆಡಿಸಿ ಬಂದೆ. ನಿನ್ನ ಹೆಸರು ಇನ್ನು ಈ ಊರಿನಲ್ಲಿ ಏಳುವುದಿಲ್ಲ. ಸಂಜೆ ಊರಿನವರು ಒಬ್ಬೊಬ್ಬರಾಗಿ ಬಂದು ನನ್ನ ಮೇಜಿನ ಮೇಲೆ ಅಡುಗೆ ತಂದಿಟ್ಟರು. ಹುರಿದ ಕೋಳಿ, ಬೀನ್ಸು, ಮೆಕರೋನಿ. ಗ್ರೀನ್‌ವುಡ್ಡಿಗೆ ಹೋಗಿ ಕೊಂಡು ತಂದು ಮಾಡಿದ್ದು, ತಮ್ಮ ಮನೆಯಲ್ಲೇ ಇಲ್ಲದವರೂ ತಂದರು. ಅವರೆಲ್ಲಾ ಹೋದ ಮೇಲೆ ಬಾಗಿಲು ಹಾಕಿಕೊಂಡೆ. ಎಲ್ಲಾ ಎತ್ತಿ ಬಿಸಾಡಬೇಕು ಅಂದುಕೊಂಡೆ. ಬೆಳಗಿನಿಂದ ಏನೂ ತಿಂದಿರಲಿಲ್ಲ, ಹಸಿವಾಗಿತ್ತು. ತಿಂದೆ ವಿನೀ.

ನಿನ್ನ ಅತ್ತಿಗೆ,
ಅಲ್ಬರ್ಥಾ